ಮೂರು ವರ್ಷ ಹಿಂದಿನ ತಾರೀಖು

ಸೋಮವಾರ, ಜುಲೈ ೩. ಬೆಳಿಗ್ಗೆ ೧೦.೧೫ಕ್ಕೆ ಠಾಣೆಗೆ ಬಂದ ದರ್ಜಿ, ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಹೆಂಡ್ತಿಗೆ ಗಡ್ಡೆ ಸಾರ್. ಆಸ್ಪತ್ರೇಲಿ ವಿಕಿರಣ ಕೊಟ್ರು. ಕೊಡೋವಾಗ ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತೆ. ಮೊದಲು ಮೂರು ನಿಮಿಷ ಉರೀತಿತ್ತು. ಜೂನ್ ಐದರಿಂದ ಎರಡೇ."

"ಎಣಿಸಿದ್ರಾ?" ಇನ್‌ಸ್ಪೆಕ್ಟರ್ ಕೇಳಿದರು.

"ಹೊರಗೆ ಕೂತೋನಿಗೆ ಇನ್ನೇನು ಕೆಲಸ?"

ಅವನು ಮೇಜಿನ ಮೇಲಿಟ್ಟ ಚಿಕಿತ್ಸೆಯ ಚೀಟಿಯಲ್ಲಿ ಮೂರು ವರ್ಷ ಹಿಂದಿನ ತಾರೀಖಿತ್ತು. ಆಸ್ಪತ್ರೆಯವರು ಅಚ್ಚಿನ ತಪ್ಪೆಂದು ಸಾಗಹಾಕಿದ್ದರು. ಕಾನ್‌ಸ್ಟೆಬಲ್ ಮುಸಿಮುಸಿ ನಕ್ಕ. ಇನ್‌ಸ್ಪೆಕ್ಟರ್ ನಗಲಿಲ್ಲ, ಟೇಪು ಹಿಡಿದು ಬದುಕುವವನು ಅಳತೆ ತಪ್ಪಲಾರ ಎನ್ನಿಸಿ ಎಫ್‌ಐಆರ್ ಬರೆಸಿದರು.

೧೨.೩೦. ವಿಕಿರಣ ಕೊಠಡಿ. ಯಂತ್ರ ನಡೆಸುವಾಕೆಯನ್ನು ಕೇಳಿದರು.

"ನಿಮಿಷ ಯಾರು ಲೆಕ್ಕ ಹಾಕ್ತಾರೆ?"

"ಕಂಪ್ಯೂಟರ್ರೇ ಸಾರ್. ಒಳಗಿರೋ ಲೋಹದ ಶಕ್ತಿ ವರ್ಷವರ್ಷ ಕುಗ್ಗುತ್ತೆ. ತಾರೀಖು ನೋಡಿ ನಿಮಿಷ ಹೆಚ್ಚಿಸುತ್ತೆ."

"ತಾರೀಖು ಹಿಂದಿದ್ರೆ?"

ಆಕೆ ತಟ್ಟನೆ ಪರದೆಯ ಮೇಲಿನ ತಾರೀಖು ನೋಡಿದಳು. "ಲೋಹ ಇನ್ನೂ ಜೋರಾಗಿದೆ ಅಂದ್ಕೊಂಡು ಕಡಿಮೆ ಮಾಡುತ್ತೆ."

ಪಂಚನಾಮೆ ವೇಳೆ ಕಂಪ್ಯೂಟರಿನ ಗಡಿಯಾರ ಸರಿಯಾಗಿತ್ತು. ಆದರೆ ಆಪರೇಟಿಂಗ್ ಸಿಸ್ಟಮ್ ಎರಡು ಸಲ ಹೊಸದಾಗಿ ಹಾಕಿದ ಗುರುತಿತ್ತು: ಜೂನ್ ೫, ಜೂನ್ ೨೪. ಕಂಪ್ಯೂಟರ್ ಕೆಟ್ಟರೆ ಸಿಸ್ಟಮ್ ಮತ್ತೆ ಹಾಕಲು ಇಟ್ಟ ಹಳೆಯ ಡಿಸ್ಕುಗಳ ಕಪಾಟು ಕಾಯುವವನನ್ನು ಎಲ್ಲರೂ ಡಿಸ್ಕಣ್ಣ ಎನ್ನುತ್ತಿದ್ದರು. ಅವನ ರಿಜಿಸ್ಟರಿನಲ್ಲಿ ಮೂವತ್ತಾರು ತಿಂಗಳೂ 'ಪರಿಶೀಲಿಸಿದೆ, ಸರಿಯಿದೆ'. ಎಲ್ಲಕ್ಕೂ ಒಂದೇ ಶಾಯಿ. ಇನ್‌ಸ್ಪೆಕ್ಟರಿಗೆ ಗಸ್ತು ತಿರುಗದೆಯೇ ಸಹಿ ಬೀಳುವ ತಮ್ಮ ಠಾಣೆಯ ಬೀಟ್ ಪುಸ್ತಕ ನೆನಪಾಗಿ ನಾಚಿಕೆಯಾಯಿತು.

"ಐದನೇ ತಾರೀಖು ಏನಾಯ್ತು?"

"ಕಂಪ್ಯೂಟರ್ ಕೆಟ್ಟೋಯ್ತು. ಮತ್ತೆ ಹಾಕೋಣ ಅಂದ್ರೆ ಡಿಸ್ಕಿನ ಅವಧಿ ಮುಗಿದಿತ್ತು, ಒಳಗೇ ಬಿಡ್ತಿರಲಿಲ್ಲ. ಹೊರಗೆ ಇಪ್ಪತ್ತಾರು ಜನ ಕೂತಿದ್ರು ಸಾರ್. ಗಡಿಯಾರ ಮೂರು ವರ್ಷ ಹಿಂದೆ ತಿರುಗಿಸಿದೆ, ಹತ್ತಿಕೊಳ್ತು. ಮುಂದಕ್ಕೆ ತಂದ್ರೆ ಮತ್ತೆ ನಿಂತೋಗ್ತಿತ್ತು. ತಾರೀಖು ಬರೀ ಚೀಟಿಗೆ ಅಂದ್ಕೊಂಡು ಹಾಗೇ ಬಿಟ್ಟೆ."

"ಇಪ್ಪತ್ನಾಲ್ಕಕ್ಕೆ?"

"ಆ ದರ್ಜಿ ಬಂದು ಎರಡು ನಿಮಿಷ ಅಂದಾಗ ಹೊಳೀತು, ಆ ತಾರೀಖಿನಿಂದ್ಲೇ ಅಂತ. ಬೇರೆ ಆಸ್ಪತ್ರೆ ಗೆಳೆಯನ ಹತ್ರ ಹೊಸ ಡಿಸ್ಕ್ ತಂದು ಹಾಕಿದೆ."

"ಎಷ್ಟು ಹೊತ್ತು ಹಿಡೀತು?"

"ಒಂದು ಬೆಳಿಗ್ಗೆ."

"ಯಾರಿಗೆ ಹೇಳಿದ್ರಿ?"

ಡಿಸ್ಕಣ್ಣ ಕಪಾಟಿನ ಬೀಗದಕೈ ತೆಗೆದು ಮೇಜಿನ ಮೇಲಿಟ್ಟ.

೪.೪೦ಕ್ಕೆ ಬಂಧನ. ಕಪಾಟಿನ ತಳದಲ್ಲಿ ಮೂರು ಪತ್ರಗಳ ನಕಲುಗಳು ಸಿಕ್ಕಿದವು. ಡಿಸ್ಕುಗಳನ್ನು ನವೀಕರಿಸಲು ಅನುಮತಿ ಕೊಡಿ ಎಂದು ಡಿಸ್ಕಣ್ಣ ಆ ಮೂವತ್ತಾರು ತಿಂಗಳಿಗೂ ಮೊದಲು ವರ್ಷಕ್ಕೊಂದರಂತೆ ಬರೆದಿದ್ದ. ಮೂರರ ಮೇಲೂ ಅಧಿಕಾರಿಯ ಷರಾ ಒಂದೇ: 'ಇರುವುದರಲ್ಲೇ ನಡೆಸಿ.' ಆಮೇಲೆ ಅವನು ಕಪಾಟು ತೆರೆಯುವುದನ್ನೇ ಬಿಟ್ಟು, ಸಹಿ ಮಾತ್ರ ಹಾಕಿದ್ದ. ತಪ್ಪು ಗೊತ್ತಾದ ಮೇಲೆ ಬಾಯಿ ಮುಚ್ಚಿಸಿದ್ದು ಬರೀ ಭಯ. ಇನ್‌ಸ್ಪೆಕ್ಟರ್ ಷರಾಗಳನ್ನೂ ಜಪ್ತಿ ಮಾಡಿದರು. ಪ್ರಕರಣ ಅವನ್ನು ಬರೆದ ಅಧಿಕಾರಿಯ ತನಕ ಮುಟ್ಟುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ವಿಕಿರಣ ಕೊಠಡಿಯ ಹೊರಗಿನ ಮೊಗಸಾಲೆಯಲ್ಲಿ ದರ್ಜಿ ನಿಂತಿದ್ದ. "ಸಾರ್, ಕಡಿಮೆಯಾದ ನಿಮಿಷ ಈಗ ಕೊಡ್ತಾರಲ್ವಾ?"

ಜೂನ್ ತಿಂಗಳಲ್ಲೇ ಗೊತ್ತಾಗಿದ್ದರೆ ಕೊಡಬಹುದಿತ್ತು, ಈಗ ಗಡ್ಡೆ ಎಲ್ಲ ಕಡೆ ಹರಡಿದೆ ಎಂದು ಡಾಕ್ಟರು ಮೂರು ಗಂಟೆಗೇ ಇನ್‌ಸ್ಪೆಕ್ಟರಿಗೆ ಹೇಳಿದ್ದರು. ಅವರು ದರ್ಜಿಯನ್ನು ಬೆಂಚಿನ ಮೇಲೆ ಕೂರಿಸಿ, ತಾವೂ ಪಕ್ಕದಲ್ಲಿ ಕೂತರು. ಎದುರಿನ ಬಾಗಿಲ ಮೇಲೆ ಬೇರೆ ಯಾರಿಗೋ ಕೆಂಪು ದೀಪ ಹತ್ತಿತು. ದರ್ಜಿ ಎಣಿಸತೊಡಗಿದ.

"ಮೂರು ನಿಮಿಷ," ಎಂದ, ದೀಪ ಆರಿದಾಗ. "ಈಗ ಸರಿಯಾಗಿದೆ ಸಾರ್."