ಅವಳು ಚೆನ್ನಾಗಿ ಕಲಿತ ‘ಬೇಡ’

"ತುಂಬಾ ಸುಸ್ತಾಗಿದ್ದೀರಿ ಅಲ್ವಾ? ತಗೊಳ್ಳಿ... ಒಂದೇ ಒಂದು. ನನಗೋಸ್ಕರ."

ಅವನು ಲೋಟವನ್ನು ಅವಳ ಮುಂದೆ ಚಾಚಿ ನಿಂತಿದ್ದ.

ಲೋಟದಲ್ಲಿದ್ದದ್ದು ಬರೀ ನೀರು. ಅದು ಅವಳಿಗೂ ಗೊತ್ತಿತ್ತು, ಸುತ್ತ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದ ಎಲ್ಲರಿಗೂ ಗೊತ್ತಿತ್ತು. ಟೀಚರ್ ಆಗಷ್ಟೇ ಬಿಡಿಸಿ ಹೇಳಿದ್ದರು. ಇವನದು ಕುಡಿಯಲು ಕರೆಯುವ ಗೆಳೆಯನ ಪಾತ್ರ. ಅವಳು ಅವನ ಕಣ್ಣು ನೋಡಿ ‘ಬೇಡ’ ಅನ್ನಬೇಕು. ಕಾರಣ ಕೊಡಬಾರದು, ಕ್ಷಮೆ ಕೇಳಬಾರದು, ತಿರುಗಿ ನೋಡದೆ ಬಂದು ತನ್ನ ಕುರ್ಚಿಯಲ್ಲಿ ಕೂರಬೇಕು. ಅಷ್ಟೇ!

ಅಷ್ಟೇ ಅನ್ನುವುದೇನೋ ಸುಲಭ.

ಅವಳು ಅವನ ಕಣ್ಣು ನೋಡಿದಳು. ಸುಸ್ತಾಗಿದೆಯಾ ಅಂತ ತನ್ನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಯಿತು? ಮನೆಯಲ್ಲಿ ಎಲ್ಲಿದ್ದೆ ಅಂತ ಕೇಳುತ್ತಾರೆ, ಕೆಲಸದಲ್ಲಿ ಯಾಕೆ ತಡ ಅಂತ ಕೇಳುತ್ತಾರೆ. ಸುಸ್ತಾಗಿದೆಯಾ ಅಂತ...?

ಕೈ ತಾನಾಗಿಯೇ ಮುಂದೆ ಹೋಯಿತು. ಲೋಟ ತೆಗೆದುಕೊಂಡವಳೇ ಗಟಗಟ ಕುಡಿದುಬಿಟ್ಟಳು!

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಅಯ್ಯೋ, ಕುಡಿದೇಬಿಟ್ರಲ್ಲ!" ಅಂದ ಅವನು, ಗಾಬರಿಯಾಗಿ.

"ನೀವು ಕೊಟ್ರಲ್ಲ..." ಅಂದಳು ಅವಳು. ಆಮೇಲೆ ಮುಖ ಮುಚ್ಚಿಕೊಂಡು ಅತ್ತಳು. ನೀರಿಗೇ ಬೇಡ ಅನ್ನಲಾಗದವಳು ಇನ್ನು ಯಾವುದಕ್ಕೆ ಅಂದಾಳು?

ಅದು ಆಸ್ಪತ್ರೆಯ ಮೇಲಿನ ಮಹಡಿಯ ಕೊನೆಯ ಕೋಣೆ. ಚಟ ಬಿಟ್ಟವರಿಗೆ, ಬಿಡುತ್ತಿರುವವರಿಗೆ, ಬಿಟ್ಟು ಮತ್ತೆ ಹಿಡಿದವರಿಗೆ ಅಲ್ಲಿ ಬದುಕುವುದನ್ನು ಮೊದಲಿನಿಂದ ಹೇಳಿಕೊಡುತ್ತಿದ್ದರು. ಸಿಟ್ಟು ನೆತ್ತಿಗೇರಿದಾಗ ಏನು ಮಾಡಬೇಕು, ಸಂಬಳದ ದಿನ ಯಾವ ರಸ್ತೆಯಿಂದ ಮನೆಗೆ ಹೋಗಬೇಕು, ನಿದ್ದೆ ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕು... ದೊಡ್ಡವರಿಗೆ ಇದನ್ನೆಲ್ಲ ಕಲಿಸಬೇಕಾ ಅಂತ ನಗುವವರು ನಗಲಿ. ಕಲಿಯಲು ಕೂತವರಿಗೆ ನಗು ಬರುತ್ತಿರಲಿಲ್ಲ.

ಒಳಗೆ ಅಡ್ಡಹೆಸರಿನಲ್ಲೇ ಕರೆಯುವುದು ರೂಢಿ. ಅವಳು ಲಾಂಡ್ರಿಯಲ್ಲಿ ಹೋಟೆಲುಗಳ ಬೆಡ್‌ಶೀಟ್ ಇಸ್ತ್ರಿ ಮಾಡುತ್ತಿದ್ದಳು, ಹಾಗಾಗಿ ‘ಇಸ್ತ್ರಿ’. ಅವನಿಗೆ ಬಸ್ ಸ್ಟಾಪಿನ ಹಿಂದೆ ಫ್ಯಾನು, ಮಿಕ್ಸಿ ರಿಪೇರಿ ಮಾಡುವ ಅಂಗಡಿ. ಅಂಗಿಯ ಜೇಬಿನಲ್ಲಿ ಸದಾ ಒಂದು ಸ್ಕ್ರೂಡ್ರೈವರ್. ಹಾಗಾಗಿ ‘ಸ್ಕ್ರೂ’.

ಅವನು ಕುಡಿತ ಬಿಟ್ಟು ವರ್ಷಗಳಾಗಿದ್ದವು. ಹೊಸಬರಿಗೆ ಅಭ್ಯಾಸ ಮಾಡಿಸಲು ಬರುತ್ತಿದ್ದ. ಒತ್ತಾಯ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಒಂದು ಕಾಲದಲ್ಲಿ ಅವನನ್ನು ಕುಡಿಸಿದ ಮಾತುಗಳನ್ನೇ ಅವನು ಇಲ್ಲಿ ತಂದು ಆಡುತ್ತಿದ್ದ.

ಅವಳ ಕಥೆ? ಗಂಡ ಬಿಟ್ಟುಹೋದನೆಂದು ಕುಡಿದಳೋ, ಕುಡಿದಳೆಂದು ಗಂಡ ಬಿಟ್ಟುಹೋದನೋ... ಹೇಳಿ ಹೇಳಿ ಯಾವುದು ಮೊದಲು ಅನ್ನುವುದು ಅವಳಿಗೇ ಮರೆತುಹೋಗಿತ್ತು. ಈಗ ಅಕ್ಕನ ಮನೆಯಲ್ಲಿದ್ದಳು. ದಿನಾ ಸಂಜೆ ಬಾಗಿಲಲ್ಲೇ ಅಕ್ಕ ತಡೆಯುತ್ತಿದ್ದಳು.

"ಬಾಯಿ ತೆಗಿ."

ಅವಳು ಬಾಯಿ ತೆರೆಯುತ್ತಿದ್ದಳು. ಅಕ್ಕ ಮೂಸಿ ನೋಡಿ, ಬದಿಗೆ ಸರಿದು ದಾರಿ ಬಿಡುತ್ತಿದ್ದಳು. ಒಳಗೆ ಬಾವ ಟಿವಿಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ಅಲ್ಲಿಗೆ ಆ ದಿನ ಮುಗಿಯುತ್ತಿತ್ತು.

ಮುಂದಿನ ವಾರವೂ ಅವಳು ಲೋಟ ತೆಗೆದುಕೊಂಡಳು. ಅದರ ಮುಂದಿನ ವಾರ ಬೇಡ ಅಂದಳು, ಜೊತೆಗೇ "ಕ್ಷಮಿಸಿ, ಬೇಜಾರು ಮಾಡ್ಕೋಬೇಡಿ" ಅಂದಳು. ಎಲ್ಲರೂ ನಕ್ಕರು. ಈ ಸಲ ಅವಳೂ ನಕ್ಕಳು. ಆ ನಗು ನೋಡಿ ಸ್ಕ್ರೂ ತನ್ನ ಮಾತನ್ನೇ ಮರೆತು ಲೋಟ ಹಿಡಿದುಕೊಂಡು ಹಾಗೇ ನಿಂತುಬಿಟ್ಟ!

ಒಂದು ದಿನ ಅವನು ಕುರ್ಚಿ ಹತ್ತಿ ಕೋಣೆಯ ಫ್ಯಾನ್ ಬಿಚ್ಚಿದ. ಕುರ್ಚಿ ಅಲ್ಲಾಡದಂತೆ ಹಿಡಿದವಳು ಅವಳು.

"ಬಿಟ್ಟ ಹೊಸದರಲ್ಲಿ ನನ್ನ ಕೈ ಎಷ್ಟು ನಡುಗ್ತಿತ್ತು ಅಂದ್ರೆ, ಒಂದು ಸ್ಕ್ರೂ ಕೂರಿಸೋಕೆ ಅರ್ಧ ದಿನ ಬೇಕಿತ್ತು," ಅಂದ ಅವನು ಮೇಲಿನಿಂದ.

"ನನ್ನದು ಈಗಲೂ ನಡುಗುತ್ತೆ." ಅವಳು ಅಂಗೈ ಚಾಚಿ ತೋರಿಸಿದಳು. ಯಾರಿಗೂ ತೋರಿಸದ ಕೈ ಅದು.

ಅವನು ಕೆಳಗಿಳಿದು ನೋಡಿದ. ಮುಟ್ಟಲಿಲ್ಲ.

"ನಿಲ್ಲುತ್ತೆ ಇಸ್ತ್ರಿ. ನಿಂತೇ ನಿಲ್ಲುತ್ತೆ."

ಅಷ್ಟು ಮಾತಿಗೆ ಅವಳು ಮನೆಯವರೆಗೂ ನಡೆದೇ ಹೋದಳು. ಬಸ್ಸು ಹತ್ತುವುದೇ ನೆನಪಾಗಲಿಲ್ಲ.

ಕೊನೆಗೂ ಅವಳಿಗೆ ‘ಬೇಡ’ ಬಂತು. ಕಣ್ಣು ಅಲುಗಲಿಲ್ಲ, ಧ್ವನಿ ಒಡೆಯಲಿಲ್ಲ. ಕೋಣೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ! ಟೀಚರ್ ಮಾತ್ರ ಕನ್ನಡಕ ಒರೆಸಿಕೊಳ್ಳುತ್ತಾ ಎಚ್ಚರಿಸಿದರು.

"ಇಲ್ಲಿ ಗೆದ್ದಿದ್ದು ಲೆಕ್ಕಕ್ಕಿಲ್ಲ. ನಿಜವಾದ ಪರೀಕ್ಷೆ ಹೊರಗೆ ಆಗುತ್ತೆ. ರಸ್ತೆಯಲ್ಲಿ, ಬಸ್ ಸ್ಟಾಪಲ್ಲಿ, ನಿಮಗೇ ಗೊತ್ತಿಲ್ಲದ ಹೊತ್ತಲ್ಲಿ. ತಯಾರಾಗಿರಿ. ಇನ್ನೊಂದು ಮಾತು. ಇಲ್ಲಿ ಅಭ್ಯಾಸಕ್ಕೆ ಅಂತ ಬಿಡದೆ ಒತ್ತಾಯ ಮಾಡ್ತೀವಿ. ಹೊರಗೆ ಒಬ್ಬರು ಬೇಡ ಅಂದ್ರೆ ಎರಡನೇ ಸಲ ಕೇಳಬಾರದು. ಅದು ನಮ್ಮ ಮರ್ಯಾದೆ."

ಮರುದಿನ ಸಂಜೆ ಅವಳು ಬಸ್ಸಿಗೆ ಕಾಯುತ್ತಿದ್ದಳು. ಹಗಲೆಲ್ಲ ಆವಿಯ ಮುಂದೆ ನಿಂತು ಕಾಲು ಬಾತಿತ್ತು. ಹಿಂದಿನಿಂದ ಪರಿಚಿತ ಧ್ವನಿ.

"ತುಂಬಾ ಸುಸ್ತಾಗಿದ್ದೀರಿ ಅಲ್ವಾ? ಬನ್ನಿ... ಒಂದು ಲೋಟ ಚಹಾ ಕುಡಿಯೋಣ. ನನಗೋಸ್ಕರ."

ತಿರುಗಿ ನೋಡಿದರೆ ಸ್ಕ್ರೂ! ತಲೆ ಬಾಚಿಕೊಂಡು, ಒಗೆದ ಅಂಗಿ ತೊಟ್ಟುಕೊಂಡು ಬಂದಿದ್ದ. ಜೇಬಿನಲ್ಲಿ ಸ್ಕ್ರೂಡ್ರೈವರ್ ಕೂಡ ಇರಲಿಲ್ಲ. ಅಷ್ಟನ್ನಾದರೂ ಅವಳು ಗಮನಿಸಬೇಕಿತ್ತು, ನಮ್ಮ ಪೆದ್ದಮ್ಮ!

ಗಮನಿಸಲಿಲ್ಲ. ಅದೇ ಮಾತು, ಅದೇ ‘ನನಗೋಸ್ಕರ’. ‘ಓಹೋ... ಇದೇ ಪರೀಕ್ಷೆ! ಟೀಚರ್ ಕಳಿಸಿದ್ದಾರೆ!’ ಅಂದುಕೊಂಡಳು. ನೆಟ್ಟಗೆ ನಿಂತಳು. ಅವನ ಕಣ್ಣಲ್ಲಿ ಕಣ್ಣಿಟ್ಟಳು.

"ಬೇಡ."

ಕಾರಣ ಕೊಡಲಿಲ್ಲ, ಕ್ಷಮೆ ಕೇಳಲಿಲ್ಲ. ಬಂದ ಬಸ್ಸು ಹತ್ತಿದಳು, ತಿರುಗಿಯೂ ನೋಡಲಿಲ್ಲ. ಕಿಟಕಿ ಪಕ್ಕ ಕೂತು ಒಳಗೊಳಗೇ ಹಿಗ್ಗಿದಳು.

ಮುಂದಿನ ತರಗತಿಗೆ ಎಲ್ಲರಿಗಿಂತ ಮೊದಲೇ ಬಂದಳು.

"ಟೀಚರ್, ನಾನು ಪಾಸು!"

"ಏನು ಪಾಸು?"

"ಹೊರಗಿನ ಪರೀಕ್ಷೆ! ಸ್ಕ್ರೂನ ಕಳಿಸಿದ್ರಲ್ಲ ಬಸ್ ಸ್ಟಾಪಿಗೆ? ಚಹಾ ಕುಡಿಯೋಣ ಅಂತ ಕರೆದ್ರು. ಮುಖಕ್ಕೆ ಹೊಡೆದ ಹಾಗೆ ಬೇಡ ಅಂದೆ!"

ಟೀಚರ್ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ನಾನು ಯಾರನ್ನೂ ಕಳಿಸಿಲ್ಲಮ್ಮಾ. ಪರೀಕ್ಷೆ ಅಂದಿದ್ದು ಮಾತಿಗೆ... ಬದುಕು ಒಡ್ಡುತ್ತಲ್ಲ, ಅದಕ್ಕೆ." ಆಮೇಲೆ ಮೆಲ್ಲಗೆ ಅಂದರು. "ಅವನು ಇನ್ನು ಸ್ವಲ್ಪ ದಿನ ಬರಲ್ಲ ಅಂತ ಹೇಳಿಹೋದ. ಕೆಲಸ ಜಾಸ್ತಿ ಅಂತೆ. ಮುಖ ಸಪ್ಪಗಿತ್ತು. ಈಗ ಅರ್ಥ ಆಯ್ತು ಬಿಡು."

ಈಗ ಅವಳಿಗೆ ಒಂದೊಂದೇ ನೆನಪಾಯಿತು. ಒಗೆದ ಅಂಗಿ... ಬಾಚಿದ ತಲೆ... ಅಯ್ಯೋ! ಅವನು ನಿಜವಾಗಿ ಕೇಳಿದ್ದ!

"ಹೋಗಿ ಹೇಳು," ಅಂದರು ಟೀಚರ್.

"ಏನಂತ?"

"ನಿನಗೆ ಬೇಕಾ ಅವನು?"

ಅವಳು ತಲೆಯೆತ್ತಿ ನೋಡಿದಳು. ಸರಿಹೋದ ಫ್ಯಾನು ತಲೆಯ ಮೇಲೆ ಸದ್ದಿಲ್ಲದೆ ತಿರುಗುತ್ತಿತ್ತು.

"ನನ್ನ ‘ಬೇಕು’ನ ನಾನೇ ನಂಬೋ ಹಾಗಿಲ್ಲ ಟೀಚರ್. ಹಾಳಾಗಿದ್ದೇ ಅದರಿಂದ. ಬೇಡ ಅಂತ ಇದ್ದುಬಿಡೋದೇ ಒಳ್ಳೇದು. ಕೆಟ್ಟುಹೋದವಳಿಗೆ ಇದೆಲ್ಲ ಯಾಕೆ?"

"ಕುಡೀಬೇಕು ಅನಿಸಿದಾಗ ಏನು ಮಾಡ್ತಿದ್ದೆ?"

"ಬಚ್ಚಿಡ್ತಿದ್ದೆ. ನೀರಿನ ಬಾಟಲಿಯಲ್ಲಿ, ಬಟ್ಟೆ ಗಂಟಲ್ಲಿ... ಯಾರಿಗೂ ಹೇಳ್ತಿರಲಿಲ್ಲ."

"ಹಾಗಾದ್ರೆ ಇದನ್ನ ಹೇಳಿ ನೋಡು. ನಿಮ್ಮ ಅಕ್ಕನ ಮುಖ ನೋಡಿ ಹೇಳೋಕಾದ್ರೆ, ಇದು ಬೇರೆ ‘ಬೇಕು’. ಆಗದಿದ್ರೆ ಇಲ್ಲಿಗೇ ಬಿಡು."

ಅವಳು ಹೊರಟಳು. ದಾರಿಯಲ್ಲಿ ಹಳೆಯ ಬಾರು. ಬಾಗಿಲಿನಿಂದ ಆ ವಾಸನೆ, ಒಳಗಿನಿಂದ ಗಾಜಿನ ಸದ್ದು. ಕಾಲು ತಾನಾಗಿ ನಿಧಾನವಾಯಿತು. ಒಂದೇ ಒಂದು... ಈ ನಾಚಿಕೆಯೆಲ್ಲ ಮರೆತುಹೋಗುತ್ತೆ... ಇವತ್ತು ಒಂದು ದಿನ...

‘ಎಷ್ಟು ಸಲ ಅಂತ ಹೋರಾಡಲಿ ದೇವರೇ... ಸಾಕಾಯಿತು.’

"ಬೇಡ!" ಅಂದಳು ಗಟ್ಟಿಯಾಗಿ. ಪಕ್ಕದಲ್ಲಿ ಹೋಗುತ್ತಿದ್ದವನೊಬ್ಬ ಬೆಚ್ಚಿ ದೂರ ಸರಿದ. ಅವಳು ಮನೆ ಮುಟ್ಟುವವರೆಗೂ ಅದನ್ನೇ ಅನ್ನುತ್ತಾ ನಡೆದಳು.

ಬಾಗಿಲಲ್ಲಿ ಅಕ್ಕ.

"ಬಾಯಿ ತೆಗಿ."

ಅವಳು ತೆರೆಯಲಿಲ್ಲ. ಅಕ್ಕನ ಮುಖ ಬಿಳುಚಿತು.

"ಕುಡಿದಿದ್ದೀಯಾ?"

"ಇಲ್ಲಕ್ಕಾ. ಕುಡಿಯೋಕೆ ಮನಸ್ಸಾಗಿತ್ತು, ಕುಡೀಲಿಲ್ಲ. ಮೂಸಿ ನೋಡೋದು ಬೇಡಕ್ಕಾ ಇನ್ಮೇಲೆ. ಕೇಳು, ನಾನೇ ಹೇಳ್ತೀನಿ. ಎಲ್ಲಾ ಹೇಳ್ತೀನಿ."

ಹೇಳಿದಳು. ಹೊಸ್ತಿಲಲ್ಲೇ ನಿಂತು, ಬಾರಿನ ಬಾಗಿಲು, ನೀರಿನ ಲೋಟ, ಪರೀಕ್ಷೆ ಅಂದುಕೊಂಡದ್ದು, ಎಲ್ಲವನ್ನೂ. ಕೊನೆಗೆ ಅಕ್ಕನ ಮುಖ ನೋಡಿ ಅಂದಳು. "ಅವರು ನನಗೆ ಬೇಕು ಅನಿಸುತ್ತೆ ಅಕ್ಕಾ."

ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿದಳು.

"ನನಗೂ ಸುಸ್ತಾಗಿದೆ ಕಣೇ... ದಿನಾ ನಿನ್ನ ಬಾಯಿ ಮೂಸೋಕೆ ನನಗೇನು ಆಸೆನಾ? ವಾಸನೆ ಬಂದ್ರೆ ಏನಪ್ಪಾ ಮಾಡಲಿ ಅಂತ ಪ್ರಾಣ ಕೈಯಲ್ಲಿ ಹಿಡ್ಕೊಂಡು ಮೂಸ್ತಿದ್ದೆ." ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಅವನೂ ಕುಡೀತಿದ್ದನಾ?"

"ಬಿಟ್ಟಿದ್ದಾರೆ."

"ನನ್ನ ಹಣೆಬರಹ! ಒಬ್ಬಳು ಸಾಲದು ಅಂತ ಇನ್ನೊಬ್ಬ..." ಅಂದ ಅಕ್ಕನಿಗೆ ಅಳುವಿನ ಮಧ್ಯೆಯೇ ನಗು ಬಂತು. "ಹೋಗು, ಕೈಕಾಲು ತೊಳ್ಕೋ. ಊಟ ಮಾಡು."

ಅವಳು ಮನೆಗೆ ಬಂದು ಸೇರಿದ ಮೇಲೆ ಅಕ್ಕ ಮೂಸದೆ ದಾರಿ ಬಿಟ್ಟದ್ದು ಅದೇ ಮೊದಲು.

ಬೆಳಿಗ್ಗೆ ಅವಳು ಮನೆಯ ಇಸ್ತ್ರಿಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡಳು.

"ಅದು ಚೆನ್ನಾಗೇ ಇದೆಯಲ್ಲೇ?" ಅಂದಳು ಅಕ್ಕ.

"ಹೂಂ ಅಕ್ಕಾ."

ಅಕ್ಕ ವೈರನ್ನು ಸುತ್ತಿ ಚೀಲದೊಳಗೆ ಇಟ್ಟುಕೊಟ್ಟಳು.

ಅಂಗಡಿ ಅಂದರೆ ಒಂದು ಮೇಜು, ಎರಡು ಸ್ಟೂಲು, ಗೋಡೆಯ ತುಂಬಾ ರೆಕ್ಕೆ ಕಳಚಿದ ಫ್ಯಾನುಗಳು. ಅವಳನ್ನು ಕಂಡವನೇ ಸ್ಕ್ರೂ ಎದ್ದು ನಿಂತ. ಮತ್ತೆ ಏನೋ ನೆನಪಾದವನಂತೆ ಕಣ್ಣು ತಗ್ಗಿಸಿ ಕೂತ.

"ಇದು... ಕೆಟ್ಟಿದೆ," ಅಂದಳು ಅವಳು.

ಅವನು ಇಸ್ತ್ರಿಪೆಟ್ಟಿಗೆ ಬಿಚ್ಚಿದ. ವೈರು ನೋಡಿದ, ಪ್ಲಗ್ಗಿಗೆ ಹಾಕಿ ಬಿಸಿ ನೋಡಿದ, ಮತ್ತೆ ಜೋಡಿಸಿದ.

"ಇಸ್ತ್ರಿ... ಇದು ಕೆಟ್ಟೇ ಇಲ್ಲ."

ಅಷ್ಟೇ ಮಾತು. ಆದರೆ ಅವಳ ಕಣ್ಣು ಯಾಕೋ ತುಂಬಿಬಂತು. ಕೆಟ್ಟೇ ಇಲ್ಲ...

"ಗೊತ್ತು," ಅಂದಳು. "ಅವತ್ತು ನೀವು ಬಸ್ ಸ್ಟಾಪಲ್ಲಿ ಕೇಳಿದ್ರಲ್ಲ... ಟೀಚರ್ ಪರೀಕ್ಷೆಗೆ ಕಳಿಸಿದ್ದಾರೆ ಅಂದ್ಕೊಂಡೆ. ಅದಕ್ಕೇ ಹಾಗೆ..."

ಅವನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಬಿತ್ತು.

"ಪರೀಕ್ಷೆನಾ!"

"ಮತ್ತೆ? ಅದೇ ಮಾತು ಹೇಳಿದ್ರೆ ನಾನೇನು ಅಂದ್ಕೊಳ್ಳಲಿ? ಬೇರೆ ಮಾತೇ ಬರಲ್ವಾ ನಿಮಗೆ?"

"ಬರಲ್ಲ," ಅಂದ ಅವನು ಪೆಚ್ಚಾಗಿ. "ಹಿಂದಿನ ದಿನವೆಲ್ಲ ಬೇರೇನೋ ಉರು ಹೊಡೆದಿದ್ದೆ. ನಿಮ್ಮನ್ನ ನೋಡಿದ ಕೂಡಲೇ ಎಲ್ಲಾ ಮರೆತು ಅದೇ ಬಾಯಿಗೆ ಬಂತು. ನಿಮ್ಮ ಮುಖ ನಿಜವಾಗ್ಲೂ ಸುಸ್ತಾಗಿತ್ತು."

"ಇನ್ನೊಂದು ಸಲ ಕೇಳಬಾರದಿತ್ತಾ?"

"ಹೇಗೆ ಕೇಳಲಿ? ಆ ಒಂದು ‘ಬೇಡ’ ಕಲಿಯೋಕೆ ನೀವು ಎಷ್ಟು ಒದ್ದಾಡಿದ್ರಿ ಅಂತ ಎದುರಿಗೇ ನಿಂತು ನೋಡಿದವನು ನಾನು. ಹೊರಗೆ ನೀವು ಹೇಳಿದ ಮೊದಲನೇ ಬೇಡ ಅದು. ಅದನ್ನ ನಾನೇ ಮುರಿದ್ರೆ... ಆಮೇಲೆ ನೀವು ಯಾರಿಗೆ ತಾನೇ ಬೇಡ ಅಂತೀರಿ?"

ತನ್ನ ಬೇಡವನ್ನು ಇಷ್ಟು ಜೋಪಾನ ಮಾಡಿದವರು ಯಾರಿದ್ದರು? ಅವಳು ಎದುರಿನ ಸ್ಟೂಲಿನ ಮೇಲೆ ಕೂತಳು.

"ನಾನಿನ್ನೂ ಪೂರ್ತಿ ಸರಿಹೋಗಿಲ್ಲ. ನಿನ್ನೆ ಕೂಡ ಬಾರಿನ ಮುಂದೆ ನಿಂತುಬಿಟ್ಟಿದ್ದೆ."

"ನಾನು ಈಗಲೂ ಆ ರಸ್ತೆ ಬಿಟ್ಟು ಸುತ್ತಿ ಬರ್ತೀನಿ."

"ಅವಸರ ಮಾಡಬಾರದು."

"ಮಾಡಲ್ಲ."

"ಅಕ್ಕನಿಗೆ ಹೇಳಿದೀನಿ."

"ಅಕ್ಕನಿಗಾ! ಏನಂತ?"

ಅವಳು ಅವನ ಕಣ್ಣಿಗೆ ಕಣ್ಣಿಟ್ಟು ಕೂತಳು. ಇದನ್ನೂ ಆ ಕೋಣೆಯಲ್ಲೇ ಕಲಿತದ್ದು.

"ನೀವು ಎರಡನೇ ಸಲ ಕೇಳೋ ಹಾಗಿಲ್ಲ. ಅದಕ್ಕೆ ನಾನೇ ಬಂದು ಹೇಳ್ತಿದೀನಿ, ಕೇಳಿ."

ಅವನು ಬಗ್ಗಿ ಬಿದ್ದ ಸ್ಕ್ರೂಡ್ರೈವರನ್ನು ಎತ್ತಿಕೊಂಡ. ಜೇಬಿಗೆ ಹಾಕಲು ಹೋಗಿ, ಹಾಕದೆ ಮೇಜಿನ ಮೇಲಿಟ್ಟ.

"ತುಂಬಾ... ಸುಸ್ತಾಗಿದ್ದೀರಿ ಅಲ್ವಾ?"

"ಹೌದು," ಅಂದಳು ಅವಳು. ಮೊದಲ ಸಲ ಆ ಪ್ರಶ್ನೆಗೆ ಉತ್ತರ ಕೊಟ್ಟಳು. "ತುಂಬಾ ಸುಸ್ತಾಗಿದೆ."

"ಚಹಾ...?"

"ಬೇಕು."