ಅವನ ಯಂತ್ರಕ್ಕೊಂದು ಸಾಲು

"ಹೇಳಿದ್ದನ್ನ ಹಾಗೇ ನಂಬಿಬಿಡೋದಾ ತಾಯಿ? ನಾನೇ ಮದುಮಗ ಅಂತ ಯಾವನೋ ಬಂದ್ರೆ ಅವನ ಹಿಂದೇನೂ ಹೊರಟುಬಿಡ್ತೀಯಾ?"

ಸಹೋದ್ಯೋಗಿ ಯಾವೋರ್ ಹೀಗೆಂದದ್ದೇ ತಡ, ಪ್ಲೊವ್ದಿವ್ ನಗರದ ಆ ಸಾಫ್ಟ್‌ವೇರ್ ಕಚೇರಿಯ ಸಭೆ ಘೊಳ್ಳೆಂದು ನಕ್ಕಿತು.

ಅದು ರಾಲಿತ್ಸಾ ಕೆಲಸಕ್ಕೆ ಸೇರಿದ ಮೊದಲ ವಾರ. ಅವಳು ಬರೆದ ಸ್ಕ್ರಿಪ್ಟ್, ಅಂದರೆ ಆದೇಶಗಳ ಪಟ್ಟಿ, ಪ್ರೋಗ್ರಾಂ ಕಟ್ಟುವ ಮೊದಲು ಕಂಪ್ಯೂಟರನ್ನು 'ನೀನು ಯಾರು?' ಎಂದು ಕೇಳುತ್ತಿತ್ತು. ಅಂದಿನ ಕಂಪ್ಯೂಟರ್ ನಡೆಯುತ್ತಿದ್ದದ್ದು ವಿಂಡೋಸ್ ವ್ಯವಸ್ಥೆಯಲ್ಲಿ, ಆದರೆ ಅದರೊಳಗೆ ಬಾಡಿಗೆಗಿದ್ದ ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆ ಬಾಗಿಲಿಗೆ ಬಂದು 'ನಾನು ಲಿನಕ್ಸ್' ಎಂದಿತು. ಸ್ಕ್ರಿಪ್ಟ್ ನಂಬಿತು. ಎಲ್ಲರೆದುರು ಮುಗ್ಗರಿಸಿತು.

'ನಗು ಯಾವೋರ್, ನಗು... ಇದೇ ಜನರೆದುರು ನಿನ್ನ ಮುಖ ಕಪ್ಪಿಡುವಂತೆ ಮಾಡದಿದ್ದರೆ ಕೇಳು!' ಎಂದು ರಾಲಿತ್ಸಾ ಮನಸ್ಸಿನಲ್ಲೇ ಅಂದುಕೊಂಡಳು.

ಮೂರು ತಿಂಗಳು ಹಲ್ಲುಕಚ್ಚಿ ಕಲಿತಳು. ಹೆಸರಷ್ಟೇ ಸಾಲದು, ಒಳಗಿನ ಗುರುತು ಹುಡುಕಬೇಕು... ಯಾವ ವೇಷಕ್ಕೂ ಅವಳ ಸ್ಕ್ರಿಪ್ಟ್ ಈಗ ಮೋಸಹೋಗುತ್ತಿರಲಿಲ್ಲ. ಯಾವೋರ್ ಮೂರು ಸಲ ಅವಳ ಮೇಜಿನ ಬಳಿ ಬಂದ. ಮೂರು ಸಲವೂ ಅವಳು ಹೆಡ್‌ಫೋನ್ ಏರಿಸಿಕೊಂಡಳು.

ಯಾವೋರ್ ತನ್ನ ಹೊಸ ಪ್ರೋಗ್ರಾಂ ಪ್ರದರ್ಶಿಸುವ ದಿನ ಬಂತು; ಅದನ್ನು ಕಟ್ಟಬೇಕಾದದ್ದು ರಾಲಿತ್ಸಾಳ ಸ್ಕ್ರಿಪ್ಟೇ. ಪ್ರದರ್ಶನ ಗೆದ್ದರೆ ತಂಡದ ಮುಂದಾಳತ್ವ ಅವನ ಕೈಗೆ. ಹಿಂದಿನ ಸಂಜೆ ರಾಲಿತ್ಸಾ ಸ್ಕ್ರಿಪ್ಟಿಗೆ ಒಂದೇ ಸಾಲು ಸೇರಿಸಿದ್ದಳು: ಇದು ಯಾವೋರ್‌ನ ಕಂಪ್ಯೂಟರಾದರೆ ಅಲ್ಲೇ ನಿಲ್ಲು!

ನಿಂತಿತು. 'ಈ ಯಂತ್ರವನ್ನು ನಾನು ನಂಬುವುದಿಲ್ಲ' ಎಂದು ಪರದೆಯ ಮೇಲೆ ಮೂಡಿತು. ಸಭೆ ನಕ್ಕಿತು. ಆಹಾ... ಅವಳ ಹೊಟ್ಟೆಯ ಉರಿ ತಣ್ಣಗಾಯಿತು!

ಅವನು ಸ್ಕ್ರಿಪ್ಟ್ ತೆರೆದ. ಪ್ರತಿ ಸಾಲಿನ ಪಕ್ಕ ಬರೆದವರ ಹೆಸರಿರುತ್ತದೆ. ಅವಳ ಹೆಸರು ಕಂಡು, ತಲೆಯೆತ್ತಿ ಅವಳನ್ನೇ ನೋಡಿದ.

"ಯಾರ ಕೆಲಸ ಇದು?" ಎಂದರು ಮೇಲಧಿಕಾರಿ ಬೊಗ್ದಾನಾ.

ಅವನು ಲ್ಯಾಪ್‌ಟಾಪ್ ಮುಚ್ಚಿದ. "ನಂದೇ, ಮೇಡಂ. ಪರೀಕ್ಷೆಗೆ ಅಂತ ಹಾಕಿದ್ದೆ, ತೆಗೆಯೋಕೆ ಮರೆತೆ."

"ಹಾಗಾದ್ರೆ ತಂಡ ನಿನ್ನ ಕೈಗೆ ಕೊಡೋಕಾಗಲ್ಲಪ್ಪ."

'ಗೆದ್ದೆನಲ್ಲ... ಮತ್ತೇಕೆ ಈ ಸಂಕಟ?' ರಾಲಿತ್ಸಾ ಎದ್ದು ನಿಂತಳು.

"ಸುಳ್ಳು, ಮೇಡಂ! ಆ ಸಾಲು ನಂದು. ಬೇಕಂತಲೇ ಹಾಕ್ದೆ. ಏನ್ ಶಿಕ್ಷೆ ಕೊಡ್ತೀರೋ ನನಗೆ ಕೊಡಿ."

"ಮೊದಲು ಅದನ್ನ ಅಳಿಸು. ನಿನ್ನ ಆಮೇಲೆ ವಿಚಾರಿಸ್ಕೋತೀನಿ."

ಅಳಿಸಿದಳು. ಪ್ರದರ್ಶನ ಸರಾಗವಾಗಿ ಮುಗಿಯಿತು. ಮೆಟ್ಟಿಲ ಬಳಿ ಅವನನ್ನು ತಡೆದಳು.

"ಯಾಕೋ ಸುಳ್ಳು ಹೇಳ್ದೆ?"

"ಮೊದಲನೇ ಸಲ ನಿನ್ನ ಮೇಜಿಗೆ ಬಂದಿದ್ದು ಕ್ಷಮೆ ಕೇಳೋಕೆ. ಎರಡನೇ ಸಲಾನೂ ಅದಕ್ಕೇ. ಮೂರನೇ ಸಲ..." ಅವನು ತಡವರಿಸಿದ. "ನಿನ್ನ ಪ್ರೀತಿಸ್ತೀನಿ ಅಂತ ಹೇಳೋಕೆ."

ಅವಳ ಕಣ್ಣು ತುಂಬಿತು. "ನಿನ್ನ ಹಾಳು ಮಾಡೋಕೆ ಕೂತಿದ್ದೆ ಕಣೋ! ಮೂರು ತಿಂಗಳು ನಿನ್ನ ಬಿಟ್ಟು ಬೇರೆ ಯೋಚನೇನೇ ಇರ್ಲಿಲ್ಲ..."

"ನನಗೂ ಅಷ್ಟೇ," ಎಂದು ನಕ್ಕ. "ಈಗ ಸೇಡು ತೀರ್ತಾ?"

"ಎಲ್ಲಿ ತೀರತ್ತೆ!" ಅವಳು ಅವನ ಕೈಯನ್ನು ಬಿಗಿಯಾಗಿ ಹಿಡಿದಳು. "ಮೊದಲು ಬೇಕರಿಯ ಬಿಸಿ ಚೀಸ್ ಬಾನಿತ್ಸಾ ಕೊಡಿಸು. ಉಳಿದಿದ್ದನ್ನ ನಿಧಾನವಾಗಿ ತೀರಿಸ್ಕೋತೀನಿ... ನನಗೇನೂ ಅವಸರ ಇಲ್ಲ."