ನೆಲಸೀತಾಳೆಯಾದ ಗಂಡ

ಬಲು ಹಿಂದೆ, ಆಫ್ರಿಕಾದ ಒಂದು ಕಾಡುರಾಜ್ಯದಲ್ಲಿ ಮ್ವಾಪೆ ಎಂಬ ಗಟ್ಟಿಗಿತ್ತಿ ಇದ್ದಳು. ಮರ ಹತ್ತದೆ ನೆಲದಲ್ಲೇ ಅರಳುವ ಸೀತಾಳೆ ಹೂವಿನ ಗೆಡ್ಡೆ ಅಗೆದು, ಕುಟ್ಟಿ ಬೇಯಿಸಿ ತಿನ್ನುವುದು ಅವಳ ಊರಿನ ರೂಢಿ. ಆ ಕಾಡೆಲ್ಲ ನಂದೇ ಅಂತ ಕಸೋಂಡೆ ಎಂಬ ಮಾಂತ್ರಿಕ ಠಿಕಾಣಿ ಹೂಡಿದ್ದ. ಗೆಡ್ಡೆಗೆ ಬಂದವರನ್ನು ಹೂವು ಮಾಡಿ ನಿಲ್ಲಿಸುತ್ತಿದ್ದ, ದರಿದ್ರದವನು. ಒಂದು ಬೆಳಗ್ಗೆ ಮ್ವಾಪೆಯ ಗಂಡ ಚಿಲೇಶೆಗೂ ಅದೇ ಗತಿಯಾಯಿತು. ಮದುವೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ, ಪಾಪ.

ಮ್ವಾಪೆ ಅತ್ತಳು. ಅತ್ತು ಮುಗಿಸಿ, ಅಂದೇ ಸೊಂಟದ ಬಟ್ಟೆ ಬಿಗಿದು ಕಾಡಿಗೆ ನಡೆದಳು.

ದಾರಿಗೆ ಬೆಂಕಿಕೊಂಬಿನ ಕಾಡೆಮ್ಮೆ ಅಡ್ಡ ನಿಂತಿತು. "ಹೆದರಿದವರನ್ನು ತಿವಿಯುತ್ತೇನೆ" ಅಂದಿತು.

"ಹೆದರಿಕೆಯೆಲ್ಲ ಅಳುವಾಗಲೇ ಖರ್ಚಾಯಿತು. ಸರಿ ಆಚೆ."

ಎಮ್ಮೆ ಸರಿಯಿತು. ಮುಂದೆ ಬೆಟ್ಟ ಹತ್ತಿ ಹರಿಯುವ ಹೊಳೆ. "ನಗಿಸಿದರೆ ದಾರಿ ಬಿಡುತ್ತೇನೆ" ಅಂದಿತು.

"ದಿನಾ ಬೆಟ್ಟ ಹತ್ತುತ್ತೀಯಲ್ಲ, ಮಂಡಿನೋವು ಬರಲ್ವೇನೇ?"

ಹೊಳೆ ನಕ್ಕು ನಕ್ಕು ಇಬ್ಭಾಗವಾಯಿತು.

ಮೂರನೆಯದು ಮಾತಿಗೆ ಬಗ್ಗುವಂಥದ್ದಲ್ಲ. ಬಯಲು ತುಂಬ ಹಳದಿ ಸೀತಾಳೆ, ಎಲ್ಲ ಒಂದೇ ಅಚ್ಚು. ಕಸೋಂಡೆ ಹೇಳಿದ: "ಹೊತ್ತು ಮುಳುಗುವುದರೊಳಗೆ ನಿನ್ನ ಗಂಡನನ್ನು ತೋರಿಸು. ಸರಿಯಾದರೆ ನನ್ನ ಮಾಯೆಯೆಲ್ಲ ಮುರಿಯುತ್ತದೆ. ತಪ್ಪಿದರೆ ನೀನೂ ಇಲ್ಲೇ ಹೂವು."

ಮ್ವಾಪೆ ಹೂವಿನ ಕಡೆ ನೋಡಲೇ ಇಲ್ಲ. ಮಂಡಿಯೂರಿ ಒಂದೊಂದು ಗಿಡದ ಬುಡಕ್ಕೂ ಬೆರಳಿಳಿಸಿದಳು.

"ಮಣ್ಣು ಕೆದಕಿದರೆ ಗಂಡ ಸಿಗ್ತಾನಾ?" ಮಾಂತ್ರಿಕ ಹಂಗಿಸಿದ.

"ನಿನ್ನ ಕೆಲಸ ನೀನು ನೋಡ್ಕೋ."

ಸೀತಾಳೆಗೆ ಜೋಡಿ ಗೆಡ್ಡೆ. ಹೋದ ವರ್ಷದ್ದು ಸುಕ್ಕಾಗಿ, ಈ ವರ್ಷದ್ದು ದುಂಡಗೆ, ಮಗ್ಗುಲಲ್ಲೇ ಇರುತ್ತವೆ. ಬೆರಳಿಟ್ಟಲ್ಲೆಲ್ಲ ಜೋಡಿ. ಮತ್ತೂ ಜೋಡಿ. ಸೂರ್ಯ ಮರದ ತುದಿಗಿಳಿದ. ಆಗ ಒಂದು ಗಿಡದ ಬುಡದಲ್ಲಿ ದುಂಡನೆಯ ಗೆಡ್ಡೆ ಒಂದೇ ಒಂದು ಸಿಕ್ಕಿತು.

"ಇವನೇ" ಅಂದಳು.

ಗಿಡ ನಡುಗಿತು. ಚಿಲೇಶೆ ಮೈಯ ಮಣ್ಣು ಕೊಡವಿಕೊಂಡು ಎದ್ದ. ಅವನ ಹಿಂದೆಯೇ, ಎಷ್ಟೋ ವರ್ಷದಿಂದ ಹೂವಾಗಿ ನಿಂತವರೆಲ್ಲ ಎದ್ದರು. ಅಜ್ಜಿಯರು, ಬಾಣಂತಿಯರು, ಕಳೆದುಹೋಗಿದ್ದ ಒಬ್ಬ ರಾಜ ಕೂಡ. ಬಯಲು ಸಂತೆಯ ಹಾಗೆ ಗಲಗಲ ಅಂದಿತು.

ಕಸೋಂಡೆಯ ಮುಖ ಕಪ್ಪಿಟ್ಟಿತು. "ಹೇಗೆ ಗೊತ್ತಾಯಿತು?"

"ಇವತ್ತು ಬೆಳಗ್ಗೆ ಹುಟ್ಟಿದ ಹೂವಿಗೆ ಹೋದ ವರ್ಷದ ಗೆಡ್ಡೆ ಎಲ್ಲಿಂದ ಬರಬೇಕು? ಹೂವು ಮಾಡಿದೆ, ಎಲೆ ಮಾಡಿದೆ. ಹೋದ ವರ್ಷವನ್ನು ಮಾಡೋಕೆ ನಿನಗೆ ಬರಲಿಲ್ಲ."

ಕಾಡು ಮತ್ತೆ ಎಲ್ಲರದಾಯಿತು. ಅಂದು ಅಷ್ಟೂ ಜನಕ್ಕೆ ಗೆಡ್ಡೆ ಅಗೆದವನು ಕಸೋಂಡೆ, ಕುಟ್ಟಿ ಬೇಯಿಸಿದವನೂ ಅವನೇ. ಎಲ್ಲರೂ ಹೊಟ್ಟೆ ತುಂಬ ಉಂಡರು, ಬಹುಕಾಲ ಸುಖವಾಗಿ ಬಾಳಿದರು. ಮ್ವಾಪೆ ಮಾತ್ರ ಅವತ್ತು ಎಡಗೈಯಲ್ಲೇ ಉಂಡಳು, ಬಲಗೈಯಲ್ಲಿ ಗಂಡನ ಕೈ ಇತ್ತು.